ಬಿಸ್ಕೆಟ್ ಕಂಪನಿಯ ಲೆಕ್ಕಿಗ ಕೊಂಡ ಚಿತ್ರಗಳು

ಡಬ್ಲಿನ್ ನಗರದಲ್ಲಿರುವ ಐರಿಷ್ ಆಧುನಿಕ ಕಲಾ ಮ್ಯೂಸಿಯಂನ ಸಂಗ್ರಹದಲ್ಲಿ ಬೇರೆಯೇ ಥರದ ಒಂದು ಭಾವಚಿತ್ರ ಇದೆ. ರಾಬರ್ಟ್ ಬ್ಯಾಲಾ ಎಂಬ ಕಲಾವಿದರು 1972ರಲ್ಲಿ ಮಾಡಿದ್ದು. ಅದರಲ್ಲಿ ಒಬ್ಬರು ನಿಂತಿದ್ದಾರೆ. ಮುಖ ಸ್ಕ್ರೀನ್ ಪ್ರಿಂಟಿನಲ್ಲಿ ಮೂಡಿದೆ. ಕೈಗಳು ಮಾತ್ರ ಬಣ್ಣದಲ್ಲಿ ಬರೆದವಲ್ಲ. ಅವು ನಿಜವಾಗಿಯೂ ಕ್ಯಾನ್ವಾಸಿನಿಂದ ಹೊರಕ್ಕೆ ಬಂದಿವೆ. ಬ್ರಯನ್ ಕಿಂಗ್ ಎಂಬ ಶಿಲ್ಪಿ ಮಾಡಿಕೊಟ್ಟ ಕೈಗಳು ಅವು. ಆ ಎರಡು ಕೈಗಳು ಒಂದು ಚಿತ್ರವನ್ನು ಹಿಡಿದುಕೊಂಡಿವೆ.

ನಿಂತಿರುವವರು ಗಾರ್ಡನ್ ಲ್ಯಾಂಬರ್ಟ್. ಕಲಾವಿದರಲ್ಲ, ವಿಮರ್ಶಕರೂ ಅಲ್ಲ. ಬಿಸ್ಕೆಟ್ ಕಂಪನಿಯಲ್ಲಿ ಕೆಲಸ ಮಾಡಿದವರು. 1919ರಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡರು. ಈ ನಡುವೆ ಅರ್ಧ ಶತಮಾನದಷ್ಟು ಕಾಲ ತಮ್ಮ ದೇಶದ ಕಲಾವಿದರ ಚಿತ್ರಗಳನ್ನು ಕೊಂಡರು. ಕೊಂಡದ್ದನ್ನು ಕೊನೆಗೆ ದೇಶಕ್ಕೇ ಕೊಟ್ಟರು.

"ಉದ್ಯಮಿಯೊಬ್ಬರು ಕಲೆಗೆ ಪ್ರೋತ್ಸಾಹ ಕೊಟ್ಟರು" ಅನ್ನುವ ವಾಕ್ಯವನ್ನು ನಾವು ದಿನಾ ಓದುತ್ತೇವೆ. ಪ್ರೋತ್ಸಾಹ ಅಂದರೆ ನಿಜವಾಗಿ ಏನು? ಚೆಕ್ಕು ಬರೆಯುವುದಾ? ಆಹ್ವಾನ ಪತ್ರಿಕೆಯಲ್ಲಿ ಹೆಸರು ಹಾಕಿಸಿಕೊಳ್ಳುವುದಾ? ಒಬ್ಬರು ಚಿತ್ರ ಕೊಂಡು ಮನೆಯಲ್ಲಿ ತೂಗುಹಾಕಿಕೊಂಡರೆ ಊರಿಗೇನು ಲಾಭ? ಐರ್ಲೆಂಡಿನ ಕಥೆಯಲ್ಲಿ ಈ ಪ್ರಶ್ನೆಗಳಿಗೆ ಬಹಳ ಸ್ಪಷ್ಟವಾದ ಉತ್ತರ ಸಿಗುತ್ತದೆ. ಅಲ್ಲಿ ಗೆದ್ದವರೂ ಇದ್ದಾರೆ, ಮನಸ್ಸು ಒಳ್ಳೆಯದಿದ್ದೂ ಸೋತವರೂ ಇದ್ದಾರೆ. ಹಾಗಾಗಿ ಸೋಲಿನ ಕಥೆಯಿಂದಲೇ ಶುರು ಮಾಡುತ್ತೇನೆ. ಅದು ಗೊತ್ತಾದರೆ ಲ್ಯಾಂಬರ್ಟ್ ಮಾಡಿದ್ದು ಯಾಕೆ ದೊಡ್ಡದು ಅಂತ ತಾನಾಗಿಯೇ ಗೊತ್ತಾಗುತ್ತದೆ.

ಸಾಕ್ಷಿ ಸಹಿ ಇಲ್ಲದ ಉಯಿಲು

ಹ್ಯೂ ಲೇನ್ ಹುಟ್ಟಿದ್ದು ಐರ್ಲೆಂಡಿನ ಕಾರ್ಕ್ ಪ್ರಾಂತ್ಯದಲ್ಲಿ, 1875ರಲ್ಲಿ. ಲಂಡನ್ನಿನಲ್ಲಿ ಹಳೆಯ ಚಿತ್ರಗಳ ವ್ಯಾಪಾರ ಮಾಡಿ ಚೆನ್ನಾಗಿ ದುಡಿದರು. ದುಡಿದ ಹಣದಲ್ಲಿ ಹೊಸ ಚಿತ್ರಗಳನ್ನು ಕೊಂಡರು. ರೆನ್ವಾರ್, ಮಾನೆ, ಡೆಗಾ, ಬರ್ತ್ ಮೊರಿಸೊ, ಹೀಗೆ ಫ್ರಾನ್ಸಿನ ದೊಡ್ಡ ಹೆಸರುಗಳೇ. ಅವರ ಆಸೆ ಒಂದೇ: ಡಬ್ಲಿನ್ನಿಗೆ ತನ್ನದೇ ಆದ ಆಧುನಿಕ ಕಲಾ ಗ್ಯಾಲರಿ ಬೇಕು. 1908ರಲ್ಲಿ ಹಾರ್ಕೋರ್ಟ್ ಬೀದಿಯ ಒಂದು ಮನೆಯಲ್ಲಿ ಅದು ಶುರುವೂ ಆಯಿತು.

ಆದರೆ ಅದು ತಾತ್ಕಾಲಿಕ ಜಾಗ. ಶಾಶ್ವತ ಕಟ್ಟಡ ಕಟ್ಟಿಕೊಡಿ ಅಂತ ಲೇನ್ ನಗರಸಭೆಯನ್ನು ಕೇಳಿದರು. ಲಿಫಿ ನದಿಯ ಮೇಲೆ ಸೇತುವೆಯ ಹಾಗೆ ಗ್ಯಾಲರಿ ಕಟ್ಟುವ ನಕ್ಷೆಯೂ ಸಿದ್ಧವಾಗಿತ್ತು. ಬರೆದವರು ಎಡ್ವಿನ್ ಲುಟ್ಯೆನ್ಸ್, ನಮ್ಮ ಹೊಸದಿಲ್ಲಿಯ ರಾಷ್ಟ್ರಪತಿ ಭವನವನ್ನು ವಿನ್ಯಾಸ ಮಾಡಿದ ಅದೇ ವಾಸ್ತುಶಿಲ್ಪಿ. 1913ರಲ್ಲಿ ನಗರಸಭೆ ಆ ಯೋಜನೆಯನ್ನು ಒಪ್ಪಲಿಲ್ಲ. ಲೇನ್ ಬೇಸರದಿಂದ 39 ಚಿತ್ರಗಳನ್ನು ಲಂಡನ್ನಿಗೆ ಕೊಡುವುದಾಗಿ ಉಯಿಲು ಬರೆದರು.

ಆಮೇಲೆ ಮನಸ್ಸು ಕರಗಿತು. 1915ರ ಫೆಬ್ರವರಿಯಲ್ಲಿ ಉಯಿಲಿಗೆ ಒಂದು ಸೇರ್ಪಡೆ ಬರೆದರು. ಚಿತ್ರಗಳು ಡಬ್ಲಿನ್ನಿಗೇ ಸೇರಲಿ ಎಂದರು. ತಮ್ಮ ಸಹಿ ಹಾಕಿದರು. ಸಾಕ್ಷಿಗಳ ಸಹಿ ಹಾಕಿಸಲಿಲ್ಲ. ಮೇ 7ರಂದು ಜರ್ಮನ್ ಜಲಾಂತರ್ಗಾಮಿಯ ದಾಳಿಗೆ ಲೂಸಿಟಾನಿಯಾ ಹಡಗು ಐರ್ಲೆಂಡಿನ ತೀರದ ಹತ್ತಿರವೇ ಮುಳುಗಿತು. ಲೇನ್ ಅದರಲ್ಲಿದ್ದರು.

ಸಾಕ್ಷಿ ಇಲ್ಲದ ಉಯಿಲಿನ ಗತಿ ಏನು ಅಂತ ನಮ್ಮ ಹಳ್ಳಿಗಳ ಜಮೀನು ವ್ಯಾಜ್ಯ ನೋಡಿದವರಿಗೆಲ್ಲ ಗೊತ್ತು. ಇಲ್ಲೂ ಅದೇ ಆಯಿತು. ಲೇನ್ ಅವರ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಎಲ್ಲರಿಗೂ ಗೊತ್ತಿತ್ತು, ಆದರೆ ಕಾನೂನು ಲಂಡನ್ನಿನ ಕಡೆಗಿತ್ತು. ಅವರ ಚಿಕ್ಕಮ್ಮ ಲೇಡಿ ಗ್ರೆಗರಿ 1932ರಲ್ಲಿ ತಾವು ಸಾಯುವವರೆಗೂ ಈ ಚಿತ್ರಗಳಿಗಾಗಿ ಹೋರಾಡಿದರು. 1956ರಲ್ಲಿ ಇಬ್ಬರು ಐರಿಷ್ ವಿದ್ಯಾರ್ಥಿಗಳು ಲಂಡನ್ನಿನ ಟೇಟ್ ಗ್ಯಾಲರಿಗೆ ಹೋಗಿ, ಮೊರಿಸೊ ಅವರ ಚಿತ್ರವನ್ನು ಹಗಲು ಹೊತ್ತಿನಲ್ಲೇ ಗೋಡೆಯಿಂದ ತೆಗೆದು, ಎತ್ತಿಕೊಂಡು ಹೊರಗೆ ನಡೆದೇಬಿಟ್ಟರು. ಕದಿಯುವುದು ಅವರ ಉದ್ದೇಶವಾಗಿರಲಿಲ್ಲ, ಜಗತ್ತು ತಿರುಗಿ ನೋಡಲಿ ಅನ್ನುವುದಾಗಿತ್ತು. ಚಿತ್ರ ಸುರಕ್ಷಿತವಾಗಿ ವಾಪಸ್ ಹೋಯಿತು. 1959ರಲ್ಲಿ ಎರಡೂ ಕಡೆ ಒಪ್ಪಂದವಾಗಿ, ಚಿತ್ರಗಳು ಸರದಿಯ ಮೇಲೆ ಡಬ್ಲಿನ್ನಿಗೆ ಬರತೊಡಗಿದವು. 1993ರ ಒಪ್ಪಂದದಲ್ಲಿ 39ರಲ್ಲಿ 31 ಡಬ್ಲಿನ್ನಿನಲ್ಲೇ ಉಳಿಯುವಂತಾಯಿತು.

ಎರಡು ಸಾಕ್ಷಿ ಸಹಿಗಳು ಇದ್ದಿದ್ದರೆ ಇದ್ಯಾವುದೂ ಬೇಕಾಗಿರಲಿಲ್ಲ. ಕೊಡುವ ಮನಸ್ಸು ಎಷ್ಟು ಮುಖ್ಯವೋ ಕೊಟ್ಟದ್ದನ್ನು ಕಾಗದದ ಮೇಲೆ ಗಟ್ಟಿ ಮಾಡುವುದೂ ಅಷ್ಟೇ ಮುಖ್ಯ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಮಿತಿಗೆ ಭಯ, ಒಬ್ಬರಿಗೆ ಧೈರ್ಯ

ಲೇನ್ ತಂದದ್ದು ಹೆಚ್ಚಾಗಿ ಹೊರದೇಶದ ಚಿತ್ರಗಳು. ಐರ್ಲೆಂಡಿನ ಒಳಗೇ ಹೊಸ ಥರ ಬರೆಯುತ್ತಿದ್ದವರ ಕಥೆ ಇನ್ನೂ ಕಷ್ಟದ್ದು. 1942ರಲ್ಲಿ ಯುವ ಕಲಾವಿದ ಲೂಯಿ ಲೆ ಬ್ರಾಕಿ ಅವರ ಚಿತ್ರವನ್ನು ರಾಯಲ್ ಹೈಬರ್ನಿಯನ್ ಅಕಾಡೆಮಿ ತನ್ನ ವಾರ್ಷಿಕ ಪ್ರದರ್ಶನಕ್ಕೆ ತೆಗೆದುಕೊಳ್ಳಲಿಲ್ಲ. ಅಕಾಡೆಮಿ ಆಗ ಹಳೆಯ ಶೈಲಿಯವರ ಕೈಯಲ್ಲಿತ್ತು. ಇಂಥ ತಿರಸ್ಕಾರಗಳಿಂದ ಬೇಸತ್ತ ಕಲಾವಿದರು ಮರುವರ್ಷವೇ ತಮ್ಮದೇ ಒಂದು ವಾರ್ಷಿಕ ಪ್ರದರ್ಶನ ಶುರು ಮಾಡಿದರು. ಮೇನೀ ಜೆಲೆಟ್, ಈವೀ ಹೋನ್, ನೋರಾ ಮೆಗಿನಿಸ್ ಮುಂದೆ ನಿಂತರು. ಮೂವರೂ ಹೆಣ್ಣುಮಕ್ಕಳು ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಐರ್ಲೆಂಡಿನಲ್ಲಿ ನವ್ಯ ಚಿತ್ರಕಲೆಗೆ ದಾರಿ ಮಾಡಿದ್ದು ಬಹುಮಟ್ಟಿಗೆ ಅವರೇ.

ಅದೇ ಲೆ ಬ್ರಾಕಿ 1951ರಲ್ಲಿ "ಒಂದು ಕುಟುಂಬ" ಅನ್ನುವ ದೊಡ್ಡ ಚಿತ್ರ ಬರೆದರು. ಪೂರ್ತಿ ಬೂದು ಬಣ್ಣ. ಬೆತ್ತಲೆ ತಾಯಿ ಒರಗಿದ್ದಾಳೆ. ಹಿಂದೆ ತಂದೆ ತಲೆ ತಗ್ಗಿಸಿ ಕೂತಿದ್ದಾನೆ. ಮಗುವಿನ ಕೈಯಲ್ಲಿ ಹೂವು. ಬಟ್ಟೆಯ ಕೆಳಗಿಂದ ಒಂದು ಬೆಕ್ಕು ಇಣುಕುತ್ತಿದೆ. ಯುದ್ಧ ಮುಗಿದಿದೆ, ಅದರ ಭಯ ಮನೆಯೊಳಗೆ ಇನ್ನೂ ಹಾಗೇ ಇದೆ. ಕೆಲವು ಕಲಾಪ್ರೇಮಿಗಳು ಈ ಚಿತ್ರವನ್ನು ಡಬ್ಲಿನ್ನಿನ ನಗರ ಗ್ಯಾಲರಿಗೆ ಉಡುಗೊರೆಯಾಗಿ ಕೊಡಲು ಮುಂದೆ ಬಂದರು. 1952ರಲ್ಲಿ ಗ್ಯಾಲರಿಯ ಸಲಹಾ ಸಮಿತಿ ಬೇಡ ಎಂದಿತು. ನೋಡಿ, ಪುಕ್ಕಟೆ ಕೊಟ್ಟರೂ ಬೇಡ. 1956ರಲ್ಲಿ ಅದೇ ಚಿತ್ರಕ್ಕೆ ವೆನಿಸ್ ಬಿಯೆನಾಲೆ ಎಂಬ ದೊಡ್ಡ ಅಂತಾರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಬಹುಮಾನ ಬಂತು. ಚಿತ್ರ ನೆಸ್ಲೆ ಕಂಪನಿಯ ಪಾಲಾಗಿ ಮಿಲಾನಿನ ಕಚೇರಿಯಲ್ಲಿ ತೂಗಿತು.

ಸಮಿತಿ ಹೀಗೆ ಯಾಕೆ ಮಾಡಿತು? ಸಮಿತಿಯಲ್ಲಿದ್ದವರು ದಡ್ಡರು ಅಂತ ಸುಮ್ನೆ ಬೈದುಬಿಡಬಹುದು. ಆದರೆ ಕಾರಣ ಅದಲ್ಲ ಅಂತ ನನಗನ್ನಿಸುತ್ತದೆ. ಬದುಕಿರುವ ಕಲಾವಿದನ ಹೊಸ ಕೆಲಸ ಅಂದರೆ ಅದರ ಬೆಲೆ ಇನ್ನೂ ಯಾರಿಗೂ ಗೊತ್ತಿರುವುದಿಲ್ಲ. ಸಮಿತಿ ಜನರ ಪರವಾಗಿ ತೀರ್ಮಾನ ಮಾಡುತ್ತದೆ. ನಾಳೆ ಪತ್ರಿಕೆಯಲ್ಲಿ ನಗೆಪಾಟಲಾದರೆ ಅನ್ನುವ ಭಯ ಅದಕ್ಕೆ. ಹಾಗಾಗಿ ಅದು ಯಾವಾಗಲೂ ಸತ್ತವರನ್ನು, ಈಗಾಗಲೇ ಹೆಸರಾದವರನ್ನು ಆರಿಸುತ್ತದೆ. ಸ್ವಂತ ದುಡ್ಡಿನಲ್ಲಿ ಕೊಳ್ಳುವವರಿಗೆ ಆ ಭಯ ಇಲ್ಲ. ಅವರು ತಪ್ಪಿದರೆ ಅವರ ಜೇಬಿಗಷ್ಟೇ ನಷ್ಟ. ಅದಕ್ಕೇ ಅವರು ಬೇಗ ಕೊಳ್ಳಬಹುದು. ಕಲಾವಿದ ಇನ್ನೂ ಬಾಡಿಗೆಗೆ ಪರದಾಡುತ್ತಿರುವಾಗಲೇ ಕೊಳ್ಳಬಹುದು.

ಉದ್ಯಮಿಗಳು ಕಲೆಗೆ ನೆರವಾಗುವ ವಿಷಯದಲ್ಲಿ ಮುಖ್ಯವಾದ ಗುಟ್ಟು ಇದೇ. ಅವರು ಕೊಡುವ ಹಣಕ್ಕಿಂತ ಅದನ್ನು ಕೊಡುವ ಹೊತ್ತು ಜಾಸ್ತಿ ಬೆಲೆಬಾಳುತ್ತದೆ.

ಈಗ ಲ್ಯಾಂಬರ್ಟ್ ಕಡೆಗೆ ಬರೋಣ. ಅವರು ಲೆಕ್ಕಪರಿಶೋಧನೆ ಕಲಿತವರು. 1944ರಲ್ಲಿ ಡಬ್ಲಿನ್ನಿನ ಜೇಕಬ್ಸ್ ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಸೇರಿದರು. ಜೇಕಬ್ಸ್ ಅಂದರೆ 1851ರಲ್ಲಿ ವಾಟರ್‌ಫರ್ಡ್ ಊರಿನಲ್ಲಿ ಶುರುವಾದ ಬಿಸ್ಕೆಟ್ ಕಂಪನಿ. ನಮ್ಮ ಅಂಗಡಿಗಳಲ್ಲೂ ಸಿಗುವ ಕ್ರೀಮ್ ಕ್ರ್ಯಾಕರ್ ಇದೆಯಲ್ಲ, ಅದನ್ನು ಮೊದಲು ಮಾಡಿದ್ದು ಇವರೇ, 1885ರಲ್ಲಿ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ 1916ರ ಈಸ್ಟರ್ ದಂಗೆಯಲ್ಲಿ ಬಂಡಾಯಗಾರರು ಹಿಡಿದು ಕೂತ ಕಟ್ಟಡಗಳಲ್ಲಿ ಈ ಕಂಪನಿಯ ಕಾರ್ಖಾನೆಯೂ ಒಂದು. ಹೀಗೆ ಡಬ್ಲಿನ್ನಿನ ಎಲ್ಲರ ಬಾಯಲ್ಲೂ ಇದ್ದ ಹೆಸರು ಅದು. ಲ್ಯಾಂಬರ್ಟ್ ಅಲ್ಲಿ ಮೇಲಕ್ಕೇರಿ ವ್ಯವಸ್ಥಾಪಕ ನಿರ್ದೇಶಕರಾದರು, ಮುಂದೆ ಅಧ್ಯಕ್ಷರೂ ಆದರು.

ಅವರು ಚಿತ್ರ ಕೊಳ್ಳಲು ಶುರು ಮಾಡಿದ್ದು 1950ರ ದಶಕದಲ್ಲಿ. ಆ ದಶಕದ ಐರ್ಲೆಂಡ್ ಹೇಗಿತ್ತು ಅನ್ನುವುದು ಮುಖ್ಯ. ಕೆಲಸ ಇಲ್ಲ. ಹತ್ತೇ ವರ್ಷದಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. 1961ರ ಜನಗಣತಿಯಲ್ಲಿ ಜನಸಂಖ್ಯೆ ಸುಮಾರು 28 ಲಕ್ಷಕ್ಕೆ ಇಳಿದಿತ್ತು, ಅಂದರೆ ಇವತ್ತಿನ ಬೆಂಗಳೂರಿನ ಒಂದು ಭಾಗದಷ್ಟು ಜನ ಇಡೀ ದೇಶದಲ್ಲಿ. ಇಂಥ ಕಡೆ ಅಮೂರ್ತ ಚಿತ್ರ ಬರೆದು ಬದುಕುತ್ತೇನೆ ಅನ್ನುವವನಿಗೆ ಮುಂದೆ ಇದ್ದದ್ದು ಎರಡೇ ದಾರಿ. ಲಂಡನ್ನಿಗೆ ಹಡಗು ಹತ್ತುವುದು, ಇಲ್ಲವೇ ಬೇರೆ ಕೆಲಸ ಹಿಡಿಯುವುದು.

ಹಾಗೆ ಬೇರೆ ಕೆಲಸ ಹಿಡಿದಿದ್ದವರಲ್ಲಿ ಇಬ್ಬರನ್ನು ನೋಡಿ. ಪ್ಯಾಟ್ರಿಕ್ ಸ್ಕಾಟ್ ವಾಸ್ತುಶಿಲ್ಪ ಕಲಿತು, ಮೈಕಲ್ ಸ್ಕಾಟ್ ಅವರ ಕಚೇರಿಯಲ್ಲಿ ವರ್ಷಗಟ್ಟಲೆ ದುಡಿದರು. ಹೆಸರು ಒಂದೇ, ನಂಟರಲ್ಲ. ಐರಿಷ್ ರೈಲುಗಳ ಕಪ್ಪು ಮತ್ತು ಕಿತ್ತಳೆ ಬಣ್ಣ ಇವರ ಆಯ್ಕೆ. ರಾತ್ರಿ, ರಜಾದಿನಗಳಲ್ಲಿ ಚಿತ್ರ ಬರೆಯುತ್ತಿದ್ದರು. ಹೈಡ್ರೋಜನ್ ಬಾಂಬ್ ಪರೀಕ್ಷೆಗಳಿಂದ ನೊಂದು, ಹಸಿ ಬಟ್ಟೆಯ ಮೇಲೆ ಬಣ್ಣ ಸಿಡಿದು ಹರಡುವ "ಸೋಲಾರ್ ಡಿವೈಸ್" ಸರಣಿ ಬರೆದರು. ಆಮೇಲೆ ಬರಿ ನಾರುಬಟ್ಟೆಯ ಮೇಲೆ ಚಿನ್ನದ ರೇಕು ಅಂಟಿಸಿ ಚಿತ್ರ ಮಾಡಿದರು. ನಮ್ಮ ಮೈಸೂರು ಚಿತ್ರಗಳಲ್ಲಿ ಚಿನ್ನದ ರೇಕು ನೋಡಿ ಬೆಳೆದ ಕಣ್ಣಿಗೆ ಅವು ಬೇಗ ಹತ್ತಿರವಾಗುತ್ತವೆ. ಅಲ್ಲಿ ದೇವರಿಲ್ಲ, ಒಡವೆ ಇಲ್ಲ. ಒಂದು ಚಿನ್ನದ ವೃತ್ತ, ಅಷ್ಟೇ. ಬಿಳಿ ಗೆರೆಗಳು, ಸುತ್ತ ಮೌನ.

ಇನ್ನೊಬ್ಬರು ಸೆಸಿಲ್ ಕಿಂಗ್. ಇವರೇ ಮುದ್ರಣ ವ್ಯವಹಾರದಲ್ಲಿದ್ದ ಉದ್ಯಮಿ. ಯಾವ ಕಲಾಶಾಲೆಗೂ ಹೋಗದೆ ತಾವಾಗಿಯೇ ಕಲಿತು, ವ್ಯವಹಾರ ಬಿಟ್ಟು ಪೂರ್ಣ ಕಲಾವಿದರಾದರು. ಚೂಪು ಅಂಚಿನ, ಕಡಿಮೆ ಬಣ್ಣದ, ತುಂಬ ಶಿಸ್ತಿನ ಅಮೂರ್ತ ಚಿತ್ರಗಳು ಅವರವು. ಲ್ಯಾಂಬರ್ಟ್‌ಗೆ ಅವರು ಗೆಳೆಯ, ಸಲಹೆಗಾರ ಎರಡೂ ಆಗಿದ್ದರು. ಇಬ್ಬರೂ ಸೇರಿ ನೋಡುತ್ತಿದ್ದ ಮುಖ್ಯ ಜಾಗ ಡೇವಿಡ್ ಹೆಂಡ್ರಿಕ್ಸ್ ಅವರ ಗ್ಯಾಲರಿ. ಹೆಂಡ್ರಿಕ್ಸ್ ಜಮೈಕಾದಿಂದ ಬಂದು ಡಬ್ಲಿನ್ನಿನಲ್ಲಿ ನೆಲೆಸಿ 1956ರಲ್ಲಿ ಗ್ಯಾಲರಿ ತೆರೆದವರು. ಕಣ್ಣಿಗೆ ಆಟ ಕಟ್ಟುವ ಆಪ್ ಆರ್ಟ್, ತಾನೇ ಚಲಿಸುವ ಇಲ್ಲವೇ ನೋಡುಗರು ಚಲಿಸಿದರೆ ತಾನೂ ಚಲಿಸಿದ ಹಾಗೆ ಕಾಣುವ ಕೈನೆಟಿಕ್ ಕಲೆ, ಇವೆಲ್ಲ ಡಬ್ಲಿನ್ನಿಗೆ ಅವರ ಬಾಗಿಲಿನಿಂದ ಬಂದವು. ಹಾಗಾಗಿ ಲ್ಯಾಂಬರ್ಟ್ ಸಂಗ್ರಹದಲ್ಲಿ ವಾಸಾರೆಲಿ, ಸೋಟೊ, ಆಲ್ಬರ್ಸ್ ಮುಂತಾದ ಹೊರಗಿನವರೂ ಇದ್ದಾರೆ. ಐರಿಷ್ ಕಲಾವಿದರ ಚಿತ್ರ ಅವರ ಪಕ್ಕದಲ್ಲೇ ತೂಗಿದರೆ ಏನೂ ಕಮ್ಮಿ ಕಾಣುವುದಿಲ್ಲ ಅನ್ನುವುದನ್ನು ಅವರು ಗೋಡೆಯ ಮೇಲೇ ತೋರಿಸಿದರು. ಒಬ್ಬ ಕಲಾವಿದನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಒಬ್ಬರಿಂದ ಸಂಘಕ್ಕೆ

ಒಬ್ಬರೇ ಕೊಂಡರೆ ಎಷ್ಟು ಕೊಳ್ಳಬಹುದು? 1962ರಲ್ಲಿ ಲ್ಯಾಂಬರ್ಟ್, ಗೊಬ್ಬರ ಕಂಪನಿಯ ಮುಖ್ಯಸ್ಥ ಸರ್ ಬೇಸಿಲ್ ಗೌಲ್ಡಿಂಗ್, ವಾಸ್ತುಶಿಲ್ಪಿ ಮೈಕಲ್ ಸ್ಕಾಟ್, ಸೆಸಿಲ್ ಕಿಂಗ್ ಮತ್ತು ಇನ್ನೂ ಕೆಲವರು ಸೇರಿ ಸಮಕಾಲೀನ ಐರಿಷ್ ಕಲಾ ಸಂಘ ಕಟ್ಟಿದರು. ಕೆಲಸ ಬಹಳ ಸರಳ. ಸದಸ್ಯರು ವರ್ಷಕ್ಕೆ ಇಷ್ಟು ಅಂತ ಚಂದಾ ಹಾಕುವುದು. ಬದುಕಿರುವ ಐರಿಷ್ ಕಲಾವಿದರ ಚಿತ್ರಗಳನ್ನು ಕೊಳ್ಳುವುದು. ಅವನ್ನು ಸಾರ್ವಜನಿಕ ಗ್ಯಾಲರಿಗೆ ಕೊಡುವುದು.

ನಗರ ಗ್ಯಾಲರಿಗೆ ಆ ಕಾಲದಲ್ಲಿ ಚಿತ್ರ ಕೊಳ್ಳಲು ಪ್ರತ್ಯೇಕ ಹಣವೇ ಇರಲಿಲ್ಲ. ಹೀಗಾಗಿ ಈ ಸಂಘ ಕೊಟ್ಟ ಚಿತ್ರಗಳೇ ಅಲ್ಲಿನ ಸಮಕಾಲೀನ ಸಂಗ್ರಹದ ಬುನಾದಿಯಾದವು. ಪ್ಯಾಟ್ರಿಕ್ ಸ್ಕಾಟ್ ಅವರ 1964ರ "ಲಾರ್ಜ್ ಸೋಲಾರ್ ಡಿವೈಸ್" ಡಬ್ಲಿನ್ನಿನ ಜನಕ್ಕೆ ಸಿಕ್ಕಿದ್ದು ಹೀಗೇ. ಹತ್ತು ವರ್ಷದ ಹಿಂದೆ ಲೆ ಬ್ರಾಕಿ ಚಿತ್ರ ಬೇಡ ಎಂದಿದ್ದ ಅದೇ ಗ್ಯಾಲರಿ ಇದು. ಕೊಡುವವರು ಒಬ್ಬಿಬ್ಬರಾಗಿದ್ದಾಗ ಬೇಡ ಅನ್ನುವುದು ಸುಲಭ. ಊರಿನ ದೊಡ್ಡ ಕಂಪನಿಗಳನ್ನು ನಡೆಸುವವರು, ವಾಸ್ತುಶಿಲ್ಪಿಗಳು ಒಟ್ಟಾಗಿ ತಂದುಕೊಟ್ಟರೆ ಬೇಡ ಅನ್ನುವುದು ಕಷ್ಟ, ಅಲ್ವಾ?

ಅದೇ ಮೈಕಲ್ ಸ್ಕಾಟ್ 1967ರಲ್ಲಿ "ರೋಸ್ಕ್" ಅನ್ನುವ ಭಾರಿ ಅಂತಾರಾಷ್ಟ್ರೀಯ ಪ್ರದರ್ಶನವನ್ನು ಡಬ್ಲಿನ್ನಿಗೆ ತಂದರು. 50 ಕಲಾವಿದರು, ಪಿಕಾಸೊ ಕೂಡ. ಜನ ಮುಗಿಬಿದ್ದು ನೋಡಿದರು. ಆದರೆ ಮೊದಲ ಎರಡು ರೋಸ್ಕ್‌ಗಳಲ್ಲಿ ಅಲ್ಲೇ ಇದ್ದು ದುಡಿಯುತ್ತಿದ್ದ ಐರಿಷ್ ಕಲಾವಿದರಿಗೆ ಜಾಗ ಇರಲಿಲ್ಲ. ಇದು ದೊಡ್ಡ ಜಗಳವೇ ಆಯಿತು, ಆಗಬೇಕಾದದ್ದೇ. ಹೊರಗಿನ ದೊಡ್ಡವರನ್ನು ತೋರಿಸುವುದು ಒಂದು ಸೇವೆ. ಮನೆಯವರನ್ನು ಬಾಗಿಲಲ್ಲಿ ನಿಲ್ಲಿಸಿ ಅದನ್ನು ಮಾಡುವುದು ತಪ್ಪು. ಈ ಹೋಲಿಕೆಯಲ್ಲಿ ಸಂಘದ ಸಣ್ಣ ಕೆಲಸ ನನಗೆ ಜಾಸ್ತಿ ಇಷ್ಟವಾಗುತ್ತದೆ.

ಸರ್ಕಾರವೂ ಸುಮ್ಮನಿರಲಿಲ್ಲ. 1969ರಲ್ಲಿ ಕಲಾವಿದರು, ಲೇಖಕರು, ಸಂಗೀತ ರಚನೆಕಾರರು ತಮ್ಮ ಸೃಜನಶೀಲ ಕೆಲಸದಿಂದ ಗಳಿಸಿದ್ದಕ್ಕೆ ಆದಾಯ ತೆರಿಗೆ ಇಲ್ಲ ಎಂದು ಕಾನೂನು ಮಾಡಿತು. ಇವತ್ತೂ ಅದು ಒಂದು ಮಿತಿಯೊಳಗೆ ಇದೆ. 1977ರಲ್ಲಿ ಪ್ರಧಾನಿ ಜಾಕ್ ಲಿಂಚ್ ಲ್ಯಾಂಬರ್ಟ್ ಅವರನ್ನು ಸಂಸತ್ತಿನ ಮೇಲ್ಮನೆಗೆ ನೇಮಿಸಿದರು. ನಮ್ಮ ರಾಜ್ಯಸಭೆಗೆ ಸಾಹಿತಿಗಳನ್ನೂ ಕಲಾವಿದರನ್ನೂ ನೇಮಿಸುವ ಪದ್ಧತಿ ಇದೆಯಲ್ಲ, ಅದನ್ನು ನಮ್ಮ ಸಂವಿಧಾನ ತಂದುಕೊಂಡದ್ದು ಐರ್ಲೆಂಡಿನಿಂದಲೇ.

ಇನ್ನೊಂದು ನಂಟನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಹುಡುಗ ಪುಟ್ಟಪ್ಪನಿಗೆ ನಿಮ್ಮ ತಾಯ್ನುಡಿಯಲ್ಲಿ ಬರೆಯಿರಿ ಅಂದ ಜೇಮ್ಸ್ ಕಸಿನ್ಸ್ ನಮಗೆಲ್ಲ ಗೊತ್ತು. ಅವರು ಐರಿಷ್ ಕವಿ. 1924ರಲ್ಲಿ ಅವರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಚಿತ್ರಶಾಲೆ ರೂಪಿಸಲೂ ನೆರವಾದರು. ತಮ್ಮ ನಾಡಿನ ಈಗಿನ ಕಲೆಯನ್ನು ತಮ್ಮ ಜನ ನೋಡಲು ಒಂದು ಜಾಗ ಬೇಕು ಅನ್ನುವ ಹಂಬಲ ಡಬ್ಲಿನ್ನಿಗೆ ಎಷ್ಟು ಹತ್ತಿರದ್ದೋ ಮೈಸೂರಿಗೂ ಅಷ್ಟೇ ಹತ್ತಿರದ್ದು.

ಕೊಟ್ಟ ಬಗೆ

ಸಂಗ್ರಹ ಕಟ್ಟುವುದು ಅರ್ಧ ಕೆಲಸ. ಅದು ಮುಂದೆ ಏನಾಗುತ್ತದೆ? ಇಲ್ಲಿ ಲ್ಯಾಂಬರ್ಟ್ ಮತ್ತು ಅವರ ಗೆಳೆಯ ಗೌಲ್ಡಿಂಗ್ ಅವರ ದಾರಿ ಬೇರೆಯಾಗುತ್ತದೆ.

ಗೌಲ್ಡಿಂಗ್ ಕೂಡ ಅಪಾರ ಪ್ರೀತಿಯಿಂದ ಕೊಂಡವರು. ಡಾರ್ಗಲ್ ನದಿಯ ಕೊಳ್ಳದಲ್ಲಿ ಅವರ ಮನೆ, ತೋಟ. ನದಿಯ ಮೇಲೆ ಗಾಳಿಯಲ್ಲಿ ತೇಲಿದ ಹಾಗೆ ಚಾಚಿಕೊಂಡ ಅವರ ಗಾಜಿನ ಬೇಸಿಗೆ ಮನೆ ಇವತ್ತಿಗೂ ಐರಿಷ್ ವಾಸ್ತುಶಿಲ್ಪದ ಹೆಮ್ಮೆ. ಆಧುನಿಕ ಐರಿಷ್ ಚಿತ್ರಗಳ ದೊಡ್ಡ ಖಾಸಗಿ ಸಂಗ್ರಹ ಅವರದಾಗಿತ್ತು. 1982ರಲ್ಲಿ ಅವರು ತೀರಿಕೊಂಡ ಮೇಲೆ ಆ ಚಿತ್ರಗಳು ಮಾರಾಟವಾಗಿ ಒಂದೊಂದು ಒಂದೊಂದು ಕಡೆ ಹೋದವು. ಯಾರ ತಪ್ಪೂ ಅಲ್ಲ. ಖಾಸಗಿ ಸಂಗ್ರಹಗಳ ಸಹಜ ಗತಿ ಇದು. ಆದರೆ ಒಟ್ಟಿಗೆ ಇದ್ದಾಗ ಅವು ಹೇಳುತ್ತಿದ್ದ ಕಥೆ ಮತ್ತೆ ಸಿಗುವುದಿಲ್ಲ.

ಸಂಗ್ರಹ ಅಂದರೆ ಚಿತ್ರಗಳ ರಾಶಿ ಅಲ್ಲ. ಯಾವ ವರ್ಷ ಯಾರನ್ನು ಕೊಂಡರು, ಯಾರ ಪಕ್ಕ ಯಾರನ್ನು ಇಟ್ಟರು, ಇದರಲ್ಲೆಲ್ಲ ಒಂದು ಕಾಲದ ರುಚಿ, ಗೆಳೆತನ, ಧೈರ್ಯ ಕೂತಿರುತ್ತದೆ. ಅದು ಚದುರಿದರೆ ಚಿತ್ರಗಳು ಉಳಿಯುತ್ತವೆ, ಆ ಕಾಲ ಉಳಿಯುವುದಿಲ್ಲ.

ಲ್ಯಾಂಬರ್ಟ್ ಇದಕ್ಕೆ ಬದುಕಿರುವಾಗಲೇ ಏರ್ಪಾಡು ಮಾಡಿದರು. ಐರ್ಲೆಂಡಿಗೆ ರಾಷ್ಟ್ರಮಟ್ಟದ ಆಧುನಿಕ ಕಲಾ ಮ್ಯೂಸಿಯಂ ಬೇಕು ಅಂತ ಒತ್ತಾಯಿಸುತ್ತಿದ್ದವರಲ್ಲಿ ಅವರೂ ಒಬ್ಬರು. ಕೊನೆಗೆ 1991ರ ಮೇ ತಿಂಗಳಲ್ಲಿ ಅದು ಬಾಗಿಲು ತೆರೆಯಿತು. ಜಾಗ ಡಬ್ಲಿನ್ನಿನ ಕಿಲ್ಮೈನಮ್ ಬಡಾವಣೆಯ ರಾಯಲ್ ಹಾಸ್ಪಿಟಲ್. ಹೆಸರು ಆಸ್ಪತ್ರೆಯಾದರೂ ಅದು 1680ರ ದಶಕದಲ್ಲಿ ನಿವೃತ್ತ ಸೈನಿಕರಿಗಾಗಿ ಕಟ್ಟಿದ ಮನೆ. ನಡುವೆ ದೊಡ್ಡ ಅಂಗಳ, ನಾಲ್ಕು ಕಡೆ ಉದ್ದ ಕಾರಿಡಾರು, ಅದರ ಪಕ್ಕ ಸಣ್ಣ ಸಣ್ಣ ಕೋಣೆಗಳು. ಲ್ಯಾಂಬರ್ಟ್ ಅದರ ಆಡಳಿತ ಮಂಡಳಿಯಲ್ಲೂ ಇದ್ದರು. ಕೊಟ್ಟು ಕೈತೊಳೆದುಕೊಳ್ಳದೆ, ಕೊಟ್ಟ ಜಾಗವನ್ನು ನಡೆಸುವ ಕಷ್ಟದಲ್ಲೂ ಪಾಲು ತೆಗೆದುಕೊಂಡರು.

1992ರಲ್ಲಿ ಅವರ ಸಂಗ್ರಹ ಗಾರ್ಡನ್ ಲ್ಯಾಂಬರ್ಟ್ ಟ್ರಸ್ಟ್ ಮೂಲಕ ಈ ಮ್ಯೂಸಿಯಂ ಸೇರಿತು. 300ಕ್ಕೂ ಹೆಚ್ಚು ಕೃತಿಗಳು. ಬಾಗಿಲು ತೆರೆದು ಒಂದೇ ವರ್ಷವಾಗಿದ್ದ, ಗೋಡೆಗಳು ತುಂಬ ಇದ್ದು ಚಿತ್ರಗಳು ಕಡಿಮೆ ಇದ್ದ ಸಂಸ್ಥೆಗೆ ಇದು ಎಷ್ಟು ದೊಡ್ಡ ಆಸರೆ ಅಂತ ಊಹಿಸಿ. 1960 ಮತ್ತು 70ರ ದಶಕದ ಐರಿಷ್ ಕಲೆ ಅಲ್ಲಿ ಒಟ್ಟಾಗಿ ಸಿಕ್ಕಿತು. ಆಗ ಕೊಂಡಿರದಿದ್ದರೆ 1992ರ ಬೆಲೆಯಲ್ಲಿ ಯಾವ ಸರ್ಕಾರಿ ಬಜೆಟ್ಟಿಗೂ ಅದನ್ನು ಕೂಡಿಸಲು ಆಗುತ್ತಿರಲಿಲ್ಲ.

ಟ್ರಸ್ಟ್ ಅನ್ನುವ ಪದ ನೋಡಿ ಬೇಗ ದಾಟಿಬಿಡಬೇಡಿ. ಹ್ಯೂ ಲೇನ್ ಅವರಲ್ಲಿ ಇಲ್ಲದ್ದು ಇದೇ. ಬದುಕಿರುವಾಗಲೇ, ಕಾನೂನಿನ ರೂಪದಲ್ಲಿ, ಪಡೆಯುವವರ ಜೊತೆ ಮಾತಾಡಿ ಕೊಟ್ಟರೆ ನಾಳೆ ಯಾವ ಚಿಕ್ಕಮ್ಮನೂ ಹೋರಾಡಬೇಕಾಗಿಲ್ಲ, ಯಾವ ವಿದ್ಯಾರ್ಥಿಯೂ ಚಿತ್ರ ಹೊತ್ತುಕೊಂಡು ಓಡಬೇಕಾಗಿಲ್ಲ. ಲ್ಯಾಂಬರ್ಟ್ ಲೆಕ್ಕಿಗರಾಗಿದ್ದದ್ದು ಇಲ್ಲಿ ಕೆಲಸಕ್ಕೆ ಬಂತು ಅಂತ ನನ್ನ ನಂಬಿಕೆ. ಪ್ರೀತಿಯನ್ನು ದಾಖಲೆಯಾಗಿ ಬರೆದಿಡುವ ಅಭ್ಯಾಸ ಆ ಕಸುಬಿನದು.

ಕಂಪನಿಗಳೇ ತಮ್ಮ ಹೆಸರಿನಲ್ಲಿ ಕೊಂಡ ಸಂಗ್ರಹಗಳೂ ಇದ್ದವು. ಬ್ಯಾಂಕ್ ಆಫ್ ಐರ್ಲೆಂಡ್ ತನ್ನ ಮುಖ್ಯ ಕಚೇರಿಗೆ ಒಳ್ಳೆಯ ಆಧುನಿಕ ಸಂಗ್ರಹ ಕಟ್ಟಿತ್ತು. 2008ರ ಆರ್ಥಿಕ ಕುಸಿತದಲ್ಲಿ ಐರಿಷ್ ಬ್ಯಾಂಕುಗಳು ನೆಲಕಚ್ಚಿ ಜನರ ತೆರಿಗೆ ಹಣದಿಂದ ಬದುಕಿದವು. ಆಮೇಲೆ ಈ ಬ್ಯಾಂಕು ತನ್ನ ಚಿತ್ರಗಳನ್ನು ಹರಾಜಿಗೆ ಇಟ್ಟಿತು. ಎಐಬಿ ಬ್ಯಾಂಕಿನ ಸಂಗ್ರಹದಿಂದ ಮಾತ್ರ 2012ರಲ್ಲಿ 39 ಕೃತಿಗಳು ಸರ್ಕಾರದ ಕೈಸೇರಿ, ಕಾರ್ಕ್ ನಗರದ ಕ್ರಾಫರ್ಡ್ ಗ್ಯಾಲರಿಗೆ ಹೋದವು. ಲೇನ್ ಚಿತ್ರಗಳೂ 39, ಇವೂ 39. ಕಾಕತಾಳೀಯ, ಆದರೂ ನೆನಪಿನಲ್ಲಿ ಉಳಿಯುತ್ತದೆ. ಕಂಪನಿಯ ಗೋಡೆಯ ಮೇಲಿನ ಚಿತ್ರ ಕಂಪನಿಯ ಆಸ್ತಿ. ಕಷ್ಟ ಬಂದರೆ ಅದೂ ಮಾರಾಟದ ಪಟ್ಟಿಯಲ್ಲಿ ಇರುತ್ತದೆ. ಒಬ್ಬ ಮನುಷ್ಯ ಮನಸಾರೆ ಕೊಟ್ಟದ್ದರ ಗಟ್ಟಿತನ ಅದಕ್ಕೆ ಇರುವುದಿಲ್ಲ.

ಊರು ಬಿಟ್ಟ ಚಿತ್ರ ವಾಪಸ್ ಬಂದದ್ದು

ಕೊನೆಯದಾಗಿ ತೆರಿಗೆಯ ಮಾತು. ಇದು ಹಲವರಿಗೆ ಗೊಂದಲ. ಐರ್ಲೆಂಡಿನಲ್ಲಿ 1990ರ ದಶಕದಿಂದ ಒಂದು ಕಾನೂನು ಇದೆ. ದೇಶದ ಪರಂಪರೆಗೆ ಬಹಳ ಮುಖ್ಯವಾದ ವಸ್ತುವನ್ನು ರಾಷ್ಟ್ರೀಯ ಸಂಸ್ಥೆಗೆ ಉಚಿತವಾಗಿ ಕೊಟ್ಟರೆ, ಅದರ ಮೌಲ್ಯವನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಮೊದಲು ಪೂರ್ತಿ ಮೌಲ್ಯ ಸಿಗುತ್ತಿತ್ತು, ಆಮೇಲೆ ಶೇ 80ಕ್ಕೆ ಇಳಿಸಿದರು. ಉದಾಹರಣೆಗೆ, 10 ಲಕ್ಷ ಯೂರೋ ಬೆಲೆಯ ಚಿತ್ರ ಕೊಟ್ಟರೆ 8 ಲಕ್ಷ ಯೂರೋ ತೆರಿಗೆ ಕಡಿಮೆ ಆಗುತ್ತದೆ. ಸುಮ್ನೆ ಯಾವುದೋ ಚಿತ್ರ ತಂದುಕೊಟ್ಟರೆ ಆಗುವುದಿಲ್ಲ. ಅದು ತನ್ನ ಜಾತಿಯಲ್ಲೇ ಶ್ರೇಷ್ಠ ಅಂತ ಒಂದು ಸಮಿತಿ ಒಪ್ಪಬೇಕು, ಬೆಲೆಯನ್ನು ತೆರಿಗೆ ಇಲಾಖೆ ನಿರ್ಧರಿಸಬೇಕು, ವರ್ಷಕ್ಕೆ ಒಟ್ಟು ಇಷ್ಟೇ ಅನ್ನುವ ಮಿತಿಯೂ ಇದೆ.

ಹಾಗಾದರೆ ಇದು ಜನರ ದುಡ್ಡೇ ತಾನೇ, ದಾನ ಹೇಗಾಯಿತು ಅಂತ ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಸರ್ಕಾರ ಬಿಟ್ಟುಕೊಡುವ ತೆರಿಗೆ ಶಾಲೆಗೋ ಆಸ್ಪತ್ರೆಗೋ ಹೋಗಬಹುದಾಗಿದ್ದ ಹಣ. ಆದರೂ ನನ್ನ ಮನಸ್ಸು ಈ ಕಾನೂನಿನ ಪರ ಇದೆ. ಚಿತ್ರವನ್ನು ಹುಡುಕುವುದು, ಮಾರುವವರ ಜೊತೆ ಮಾತಾಡುವುದು, ಮೊದಲು ದುಡ್ಡು ಹಾಕುವುದು, ಇದೆಲ್ಲ ಕೊಡುವವರ ಜವಾಬ್ದಾರಿ. ಸರ್ಕಾರಿ ಸಮಿತಿ ಆ ವೇಗದಲ್ಲಿ ಎಂದೂ ಓಡಲಾರದು. ಚಿತ್ರ ಒಮ್ಮೆ ಪರದೇಶದ ಯಾವುದೋ ಮನೆ ಸೇರಿದರೆ ಮತ್ತೆ ಕಣ್ಣಿಗೂ ಬೀಳುವುದಿಲ್ಲ.

ಆ "ಒಂದು ಕುಟುಂಬ" ಚಿತ್ರಕ್ಕೆ ಆಗಬಹುದಾಗಿದ್ದದ್ದೂ ಅದೇ. ಅದನ್ನು ಕೊಂಡು ಐರ್ಲೆಂಡಿಗೆ ತಂದವರು ಲಾಕ್ಲನ್ ಕ್ವಿನ್ ಮತ್ತು ಅವರ ಪತ್ನಿ ಬ್ರೆಂಡಾ. ಕ್ವಿನ್ ಹೀಟರುಗಳನ್ನು ಮಾಡುವ ಗ್ಲೆನ್ ಡಿಂಪ್ಲೆಕ್ಸ್ ಕಂಪನಿಯನ್ನು ಬೆಳೆಸಿದವರಲ್ಲಿ ಒಬ್ಬರು. ಅವರೂ ಮೂಲತಃ ಲೆಕ್ಕಪತ್ರದ ಕಡೆಯವರೇ. ಅವರ ಕಂಪನಿಯ ಹೆಸರಿನಲ್ಲಿ 1990ರ ದಶಕದಲ್ಲಿ ಕಿಲ್ಮೈನಮ್ಮಿನ ಮ್ಯೂಸಿಯಂ ಕಲಾವಿದರಿಗೆ ಪ್ರಶಸ್ತಿಯನ್ನೂ ಕೊಡುತ್ತಿತ್ತು. 2002ರಲ್ಲಿ ಕ್ವಿನ್ ದಂಪತಿ "ಒಂದು ಕುಟುಂಬ"ವನ್ನು ಐರ್ಲೆಂಡಿನ ರಾಷ್ಟ್ರೀಯ ಗ್ಯಾಲರಿಗೆ ಪರಂಪರೆಯ ಉಡುಗೊರೆಯಾಗಿ ಕೊಟ್ಟರು.

ಬದುಕಿರುವ ಕಲಾವಿದರ ಚಿತ್ರಗಳಿಗೆ ಆ ಗ್ಯಾಲರಿಯ ಶಾಶ್ವತ ಸಂಗ್ರಹದಲ್ಲಿ ಅದುವರೆಗೆ ಜಾಗ ಇರಲಿಲ್ಲ. ಲೆ ಬ್ರಾಕಿ ಮೊದಲಿಗರಾದರು. ಚಿತ್ರ ಬೇಡ ಅಂತ ವಾಪಸ್ ಕಳಿಸಿದಾಗ ಅವರಿಗೆ 35 ವರ್ಷ. ಅದು ಡಬ್ಲಿನ್ನಿನ ಗೋಡೆ ಹತ್ತಿದಾಗ 85. ಅದಾದ ಮೇಲೂ ಹತ್ತು ವರ್ಷ ಬದುಕಿದ್ದರು. ಅದೇ ಬೂದು ಬಣ್ಣದ ತಾಯಿ, ತಲೆ ತಗ್ಗಿಸಿದ ಅದೇ ತಂದೆ, ಕೈಯಲ್ಲಿ ಹೂ ಹಿಡಿದ ಅದೇ ಮಗು. ಅವರ ಊರಿನಲ್ಲೇ, ಅವರ ಕಣ್ಣೆದುರಲ್ಲೇ.